ಪರ್ಸಿನೊಳಗಿನ ಹೆತ್ತೆ

ಪರ್ಸು ಕಾಣದಿದ್ದರೆ ಮುದುಕ ಹಾಲ ಮೊದಲು ನೋಡುತ್ತಿದ್ದದ್ದು ಸೊಸೆಯ ಮುಖವನ್ನು. ಜೇಬು ತಡಕುವುದಿಲ್ಲ, ಹಾಸಿಗೆ ಕೊಡವುವುದಿಲ್ಲ. ನೇರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಹೊದ್ದ ಬಿಳಿ ದುಪಟಿಯ ಒಳಗಿಂದ ಕೈ ಚಾಚುತ್ತಿದ್ದ.

"ಕೊಡು."

"ಏನ ಕೊಡಲಿ ಮಾಮ?" ತಂಗಮಣಿ ಒಲೆಯ ಮುಂದಿನಿಂದ ಏಳಲಿಲ್ಲ. ಹಿಟ್ಟು ಕುದಿಯುತ್ತಿತ್ತು, ಊಟಿಗೆ ಹೋಗುವ ಬಸ್ಸು ಯಾರಿಗೂ ಕಾಯುವುದಿಲ್ಲ.

"ಎನ್ನ ಪರ್ಸು. ತೆಗೆದವಳಿಗ ಗೊತ್ತಿಲ್ಲೆಯಾ?"

"ನಿಮ್ಮ ಪರ್ಸು ಎನಗ ಯಾಕ? ದುಡಿದು ತಿನ್ನೋಕ ಎನಗ ಕೈ ಇಲ್ಲೆಯಾ?"

"ದುಡೀತಾಳಂತೆ! ಊಟಿಲಿ ಮಿಠಾಯಿ ಬೇಯಿಸೋದೂ ಒಂದು ದುಡಿಮೆಯಾ?"

ಮಗಳು ಜೀವಿತಾ ತಲೆ ಬಾಚುತ್ತಿದ್ದವಳು ಬಾಚಣಿಗೆಯನ್ನು ಕೂದಲಲ್ಲೇ ಸಿಕ್ಕಿಸಿಕೊಂಡು ಹಿತ್ತಲಿಗೆ ಓಡಿದಳು. ಕೋಳಿಗೂಡಿನ ಮೇಲಿಂದ ಪರ್ಸು ತಂದು, "ಇಕೋ ಹೆತ್ತಪ್ಪ" ಎಂದು ತಾತನ ಕೈಗಿಟ್ಟಳು. ಹಾಲ ಅದನ್ನು ಬಿಚ್ಚಿ ಮೂಸಿ ನೋಡಿ, "ಅಲ್ಲಿ ಇಟ್ಟವಳು ಆರು?" ಎಂದು ಮತ್ತೆ ಸೊಸೆಯ ಕಡೆಗೇ ತಿರುಗಿದ. ಇಂಥವರ ಜೊತೆ ಏನು ವಾದ ಮಾಡುತ್ತೀರಿ? ಎಂಬತ್ತರ ಹತ್ತಿರದ ಮುದುಕ. ಒಂದು ಕಾಲದಲ್ಲಿ ತುಮ್ಮನಟ್ಟಿಯ ಸುತ್ತಿನ ಹಟ್ಟಿಗಳ ಪಂಚಾಯಿತಿಗೆಲ್ಲ ಇವನ ಮಾತೇ ಕಡೆಯ ಮಾತು. ಈಗ ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ, ಮಾರಿ ಎಷ್ಟೋ ವರ್ಷವಾದ ಎಮ್ಮೆಗಳ ಹೆಸರು ಮಾತ್ರ ಒಂದೂ ತಪ್ಪದೆ ನೆನಪಿದೆ.

ತಂಗಮಣಿ ಬೇಯಿಸುತ್ತಿದ್ದದ್ದು ಮಿಠಾಯಿಯಲ್ಲ. ಊಟಿಗೆ ಬಂದವರೆಲ್ಲ ಡಬ್ಬಿಗಟ್ಟಲೆ ಹೊತ್ತೊಯ್ಯುತ್ತಾರಲ್ಲ, ಆ ಚಾಕೊಲೇಟು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕರಗಿದ ಚಾಕೊಲೇಟನ್ನು ನುಣುಪು ಕಲ್ಲಿನ ಮೇಲೆ ಸುರಿದು, ಅಲಗಿನಿಂದ ಮಗುಚಿ ಮಗುಚಿ ಹದಕ್ಕೆ ತರುವುದು ಅವಳ ಕೆಲಸ. ಹದ ತಪ್ಪಿದರೆ ಮಾರನೆಯ ದಿನ ಬಿಳಿ ಕಲೆ ಏಳುತ್ತದೆ. ಅವಳ ಕೈಯಲ್ಲಿ ಏಳುತ್ತಿರಲಿಲ್ಲ. ಅಂಗಡಿಯ ಒಡತಿ ತೇನ್ಮೊಳಿ ಹೇಳಿದ್ದಳು: "ಪೊಂಗಲ್ ಕಳೀಲಿ ತಂಗಮಣಿ, ಅಡುಗೆಕೋಣೆ ಪೂರ್ತಿ ನಿನ್ನ ಕೈಗೆ." ಮದುವೆಯಾಗಿ ಬಂದ ಮೇಲೆ ಅವಳ ಕೈಗೆ ಪೂರ್ತಿಯಾಗಿ ಸಿಕ್ಕಿದ್ದು ಪಾತ್ರೆ ತೊಳೆಯುವ ಜಾಗವೊಂದೇ. ಆ ಮಾತು ಕೇಳಿದ ದಿನ ಅವಳು ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ.

ಅದೇ ವಾರ ಹಾಲ ತಪ್ಪಿಸಿಕೊಂಡ. ಮಸಿನಗುಡಿಯ ಬಸ್ಸು ಹತ್ತಿ, ಕಲ್ಲಟ್ಟಿಯಲ್ಲಿ ಇಳಿದು, ಜಲಪಾತ ನೋಡಲು ಬಂದವರನ್ನು ಹಿಡಿದು ಹಿಡಿದು "ಎನ್ನ ಎಮ್ಮೆ ಈ ಕಡೆ ಬಂತಾ?" ಎಂದು ಕೇಳುತ್ತಿದ್ದನಂತೆ. ಪುಣ್ಯಕ್ಕೆ ಯಾರೋ ಪರ್ಸು ತೆಗೆಸಿ, ಒಳಗಿದ್ದ ನಂಬರಿಗೆ ಫೋನು ಮಾಡಿದರು. ತಂಗಮಣಿಯ ಗಂಡ ಮುರಳೀಧರನ್ ಮೇಟ್ಟುಪಾಳ್ಯದ ಮಂಡಿಗೆ ಕ್ಯಾರೆಟ್ಟು ಇಳಿಸಿ ಬರುತ್ತಿದ್ದವನು ಹಾಗೆಯೇ ಪಿಕಪ್ ವಂಡಿ ತಿರುಗಿಸಿಕೊಂಡು ಹೋಗಿ ಅಪ್ಪನನ್ನು ಕರೆತಂದ.

ಊಟಕ್ಕೆ ಕೂತಾಗ ಅವನು ಮಾತು ತೆಗೆದ.

"ಕೆಲಸ ಬಿಡು."

"ಯಾಕ?"

"ಯಾಕ ಅಂತ ಕೇಳ್ತಿಯಾ? ಅಪ್ಪ ಘಾಟಿಲಿ ಬಿದ್ದು ಸತ್ತಿದ್ದರೆ?"

"ಎನ್ನ ಕೆಲಸದಿಂದ ಇವಳ ಕಾಲೇಜು ನಡೀತದ. ನೀವು ವಂಡಿ ಬಿಟ್ಟು ಮನೆಲಿ ಕೂತುಕೊಳ್ಳಿ, ನಾ ನಡೆಸ್ತೆ."

"ಗಂಡಸು ಮನೆಲಿ ಕೂತು ಮುದುಕನ ಕಾಯೋದಾ? ಹಟ್ಟಿಲಿ ನಗ್ತಾರ."

"ನಗಲಿ. ಎನ್ನ ನೋಡಿ ದಿನಾ ನಗ್ತಾರ, ನಾ ಸತ್ತೋದೆನಾ?"

ಕೊಯಮತ್ತೂರಿನಲ್ಲಿದ್ದ ತಮ್ಮ ಸುಧಾಕರನ್‌ಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಅಪ್ಪನನ್ನು ಒಬ್ಬನೇ ಬಿಡಬೇಡಿ, ಅತ್ತಿಗೆ ಸ್ವಲ್ಪ ಹೊಂದಿಕೊಳ್ಳಬೇಕು ಎಂದು ಅವನು ಅಷ್ಟು ದೂರದಿಂದ ಧಾರಾಳವಾಗಿ ಬುದ್ಧಿ ಹೇಳಿದ.

"ಸರಿ ತಮ್ಮ, ನೀ ಒಂದು ತಿಂಗಳು ಕರ್ಕೊಂಡು ಹೋಗಿ ಇಟ್ಕೋ" ಎಂದಳು ತಂಗಮಣಿ.

ಅಲ್ಲಿಗೆ ಸಿಗ್ನಲ್ ಕಡಿದುಹೋಯಿತು. ಸಿಗ್ನಲ್ಲಿಗೂ ಮಾನ ಮರ್ಯಾದೆ ಇರುತ್ತದೆ ನೋಡಿ.

ಹಾಲ ಇದ್ಯಾವುದೂ ತನಗಲ್ಲವೆಂಬಂತೆ ಉದಕವೆಂಬ ಅವರೆಯ ಸಾರಿನಲ್ಲಿ ಹಿಟ್ಟು ಅದ್ದಿ ನುಂಗುತ್ತಿದ್ದ. ಮುರಳೀಧರನ್ ಕೈ ತೊಳೆಯಲು ಏಳುತ್ತ ಕಡೆಯ ಮಾತು ಹೇಳಿದ: "ಇನ್ನೊಂದು ಸಲ ಹಿಂಗಾಗಲಿ, ಅವತ್ತಿಗ ನಿನ್ನ ಊಟಿ ಮುಗೀತು."

ಟ್ರ್ಯಾಕರಿನ ಮಾತು ತೆಗೆದವಳು ಜೀವಿತಾ. ಊಟಿಯ ಕಾಲೇಜಿನಲ್ಲಿ ಬಿ.ಕಾಂ. ಎರಡನೆಯ ವರ್ಷ, ಬಾಯಿಗಿಂತ ಬೆರಳು ಚುರುಕು. "ಅವ್ವೆ, ಪರ್ಸಿಲಿ ಇಡೋಕ ಒಂದು ಕಾರ್ಡು ಬಂದದ. ಎಟಿಎಂ ಕಾರ್ಡಿನ ಹಂಗೇ. ಪರ್ಸು ಎಲ್ಲಿದ್ದರೂ ಎಂಗಳ ಫೋನಿಲಿ ತೋರಿಸ್ತದ. ಹೆತ್ತಪ್ಪ ಪರ್ಸಿಲ್ಲದೆ ಹಿತ್ತಲಿಗೂ ಹೋಗೋದಿಲ್ಲೆ. ಪರ್ಸು ಎಲ್ಲೋ ಹೆತ್ತಪ್ಪ ಅಲ್ಲಿ!"

ಶನಿವಾರ ತಾಯಿ ಮಗಳು ಊಟಿಯ ಮೊಬೈಲ್ ಅಂಗಡಿಗೆ ಹೋದರು. ಅಂಗಡಿಯ ಸಂತೋಷ್‌ಕುಮಾರ್ ಗಾಜಿನ ಮೇಲೆ ನಾಲ್ಕು ಬಗೆ ಹರವಿದ. ಒಂದು ಸೇಬಿನ ಗುರುತಿನ ಫೋನಿಗೆ ಮಾತ್ರ ಆಗಿಬರುವಂಥದ್ದು, ಈ ಮನೆಯಲ್ಲಿ ಅಂಥ ಫೋನು ಯಾರಿಗೂ ಇಲ್ಲ. ಇನ್ನೊಂದು ಗುಂಡಿ ಬ್ಯಾಟರಿಯದು, ಬಿಸ್ಕತ್ತಿನಷ್ಟು ದಪ್ಪ. "ಇದು ಬೇಡ," ಎಂದಳು ತಂಗಮಣಿ, "ಕೈಗ ತಟ್ಟಿದರೆ ತೆಗೆದು ಒಲೆಗ ಹಾಕ್ತಾರ." ಮೂರನೆಯದು ತೆಳ್ಳಗಿತ್ತು. ಆದರೆ ಒಳಗಿನ ಬ್ಯಾಟರಿ ತೀರಿದ ದಿನ ಬಿಸಾಡಬೇಕು. ನಾಲ್ಕನೆಯದೂ ಅಷ್ಟೇ ತೆಳ್ಳಗೆ, ಚಾರ್ಜು ಮಾಡಬಹುದು. ಚಪ್ಪಟೆ ಚಾರ್ಜರಿನ ಮೇಲೆ ಒಂದು ಮಧ್ಯಾಹ್ನ ಮಲಗಿಸಿದರೆ ತಿಂಗಳುಗಟ್ಟಲೆ ನಡೆಯುತ್ತದೆ, ಆಂಡ್ರಾಯ್ಡ್ ಫೋನಿಗೆ ಹೊಂದುತ್ತದೆ, ಮನೆಯ ಮೂವರ ಫೋನಿನಲ್ಲೂ ನೋಡಬಹುದು.

"ಇದೇ ಇರಲಿ" ಎಂದಳು ಜೀವಿತಾ.

ಸಂತೋಷ್‌ಕುಮಾರ್ ವ್ಯಾಪಾರಿಯಾದರೂ ಒಳ್ಳೆಯ ಮನುಷ್ಯ. ತಮಿಳಿನಲ್ಲಿ ಬಿಡಿಸಿ ಹೇಳಿದ: "ಅಕ್ಕಾ, ಇದಕ್ಕೆ ತಾನೆಲ್ಲಿದ್ದೇನೆ ಅಂತ ತನಗೇ ಗೊತ್ತಾಗೋದಿಲ್ಲ. ಹತ್ತಿರ ಯಾರದ್ದಾದರೂ ಫೋನ್ ಇದ್ದರೆ ಆ ಫೋನ್ ಸುದ್ದಿ ಮುಟ್ಟಿಸುತ್ತೆ. ಕಾಡಲ್ಲಿ ಯಾರೂ ಇಲ್ಲದಿದ್ದರೆ ಸುದ್ದಿ ಇಲ್ಲ. ಆಮೇಲೆ ಇದು ಪರ್ಸಿಗೆ ಮಾಡಿದ್ದು, ಮನುಷ್ಯರಿಗಲ್ಲ. ಮನುಷ್ಯರಿಗೆ ಬೇರೆ ಇದೆ, ಸಿಮ್ ಹಾಕಿ ಕೊರಳಿಗೆ ಕಟ್ಟೋದು."

"ಕೊರಳಿಗ ಕಟ್ಟೋಕ ಹೋದರೆ ಮಾಮ ಎನ್ನ ಕೈ ಕಡೀತಾರ" ಎಂದು ತಂಗಮಣಿ ನಕ್ಕಳು. "ಅವರಿಗ ಪರ್ಸೇ ಜೀವ. ಇದನ್ನೇ ಕೊಡಿ."

ಮನೆಗೆ ತಂದಾಗ ಮುರಳೀಧರನ್ ತಿರುವಿ ಮುರುವಿ ನೋಡಿ, "ಈ ಹಣಕ್ಕ ಇಂಥ ಪರ್ಸು ಎಷ್ಟು ಬರ್ತಿತ್ತು!" ಎಂದ. ಆದರೂ ಅವತ್ತು ಸಂಜೆ ಅಪ್ಪ ಚಂದ್ರನ್‌ನ ಚಹಾದಂಗಡಿಗೆ ಹೋದಾಗ ಫೋನಿನ ನಕಾಶೆಯ ಮೇಲೆ ಬಿಂದು ಅಲ್ಲಿಯೇ ಹೋಗಿ ಕೂತದ್ದನ್ನು ಕಂಡು, ವಂಡಿಯ ಸೀಟಿನಲ್ಲೇ ಕೂತು ಮಗುವಿನ ಹಾಗೆ ನಕ್ಕ. ಮನೆಯೊಳಗಿನ ಗಂಟು ಒಂದಿಷ್ಟು ಸಡಿಲವಾಯಿತು. ಊಟದ ಹೊತ್ತಿನಲ್ಲಿ ಮಾತು ಮರಳಿತು. ತಂಗಮಣಿ ಕೆಲಸದ ನಡುವೆ ಎರಡು ಮೂರು ಸಲ, ಬಿಡುವಿನಲ್ಲಿ, ಪೆಟ್ಟಿಗೆಯಲ್ಲಿ ಬಿಟ್ಟ ಫೋನು ತೆಗೆದು ನೋಡುತ್ತಿದ್ದಳು. ಮನೆ. ಅಂಗಡಿ. ಮತ್ತೆ ಮನೆ. ಪೊಂಗಲ್ ಕಳೆಯಿತು, ತೇನ್ಮೊಳಿ ಮಾತು ಉಳಿಸಿಕೊಂಡಳು. ಕೋಣೆಯ ಬೀಗದ ಕೈ ತಂಗಮಣಿಯ ಸೊಂಟಕ್ಕೆ ಬಂತು.

ತೊಂದರೆ ಕೊಟ್ಟವನು ಹಾಲನೇ. ಒಂದು ದಿನ ಕಾರ್ಡು ಅವನ ಕಣ್ಣಿಗೆ ಬಿತ್ತು.

"ಇದು ಆರ ಕಾರ್ಡು? ಕಳ್ಳಮಾಲು ಎನ್ನ ಪರ್ಸಿಗ ಆರು ಹಾಕಿದ್ದು?"

"ಅದು ನಿಮ್ಮದೇ ಹೆತ್ತಪ್ಪ" ಎಂದಳು ಜೀವಿತಾ.

"ಎನ್ನದಾದರೆ ಎನಗ ಗೊತ್ತಿರೋದಿಲ್ಲೆಯಾ? ನಾ ಆರ ಸೊತ್ತೂ ಮುಟ್ಟಿದವನಲ್ಲ!" ಎಂದವನೇ ಹಟ್ಟಿಯ ಸಾಲುಮನೆಗಳ ಬಾಗಿಲು ಬಾಗಿಲಿಗೂ ಹೋಗಿ, ಕಾರ್ಡು ಕಳೆದವರಾರು ಎಂದು ವಿಚಾರಿಸಿ ಬಂದ. ಮರುದಿನ ಅದನ್ನು ಅಂಗಡಿಯ ಬೆಂಚಿನ ಮೇಲೆ ಬಿಟ್ಟು ಬಂದ. ಮೂರನೆಯ ಸಲ ಚರಂಡಿಗೆ ಎಸೆದ.

ಜೀವಿತಾ ಯೋಚನೆ ಮಾಡಿದಳು. ಹಳೆಯ ಕ್ಯಾಲೆಂಡರಿನಿಂದ ಹೆತ್ತೆಯ ಚಿತ್ರ ಕತ್ತರಿಸಿದಳು. ಹೆತ್ತೆ ಅಂದರೆ ಈ ಬೆಟ್ಟದ ಹಟ್ಟಿಗಳವರಿಗೆ ಅಜ್ಜಿಯೂ ಹೌದು, ದೇವರೂ ಹೌದು. ಬಿಳಿ ಸೀರೆ, ಬಿಳಿ ಮುಂಡಾಸು. ಚಿತ್ರವನ್ನು ಕಾರ್ಡಿನ ಮೇಲೆ ಅಂಟಿಸಿ, ಮೇಲೆ ಪಾರದರ್ಶಕ ಟೇಪು ಎಳೆದಳು. ಅವಳ ಗೆಳತಿಯರ ಪರ್ಸಿನಲ್ಲೆಲ್ಲ ದೇವರ ಪಟ ಇರುತ್ತದೆ, ಅವಳ ಪರ್ಸಿನಲ್ಲೂ ಇತ್ತು. ಹಾಲ ಅದನ್ನು ಕಣ್ಣಿಗೊತ್ತಿಕೊಂಡು ಪರ್ಸಿನಲ್ಲಿಟ್ಟ. ಆಮೇಲೆ ಎಸೆಯಲಿಲ್ಲ.

"ನಿನ್ನ ತಲೆಯೇ ತಲೆ" ಎಂದು ತಂಗಮಣಿ ಮಗಳ ಕೆನ್ನೆ ಹಿಂಡಿದಳು.

ಜನವರಿಯ ಕಡೆಯ ಸೋಮವಾರ. ಬೆಳಿಗ್ಗೆ ಕ್ಯಾರೆಟ್ಟಿನ ಹೊಲದ ಮೇಲೆ ಹಿಮ ಉಪ್ಪು ಚೆಲ್ಲಿದ ಹಾಗೆ ಬಿದ್ದಿತ್ತು. ಮೂವರೂ ಹೊರಟರು. ಹನ್ನೊಂದಕ್ಕೆ ತಂಗಮಣಿ ಫೋನು ನೋಡಿದಳು: ಮನೆ. ಊಟದ ಹೊತ್ತಿಗೆ ನೋಡಿದಳು: ಮನೆ, ಈಗ ತಾನೆ ಕಂಡದ್ದು. ಮಧ್ಯದ ಗೋಡೆ ಒಂದೇ ಆದ ಸಾಲುಮನೆಯಲ್ಲವೇ, ಪಕ್ಕದವರ ಫೋನು ಸುದ್ದಿ ಮುಟ್ಟಿಸುತ್ತಿತ್ತು. "ಇವತ್ತು ಮಾಮ ಎಲ್ಲಿಗೂ ಹೋಗಿಲ್ಲೆ," ಎಂದು ಜೊತೆಯ ಮಲರ್‌ಕೊಡಿಗೆ ಹೇಳಿದಳು, "ಚಳಿಗ ಮುದುಡಿ ಮಲಗಿರಬೇಕು." ನಾಲ್ಕಕ್ಕೂ ಮನೆಯೇ. ಅವಳು ನೆಮ್ಮದಿಯಿಂದ ಇನ್ನೊಂದು ಸಲ ಚಾಕೊಲೇಟು ಕರಗಿಸಿದಳು.

ಕತ್ತಲಾಗುವ ಮೊದಲು ತಾಯಿ ಮಗಳು ಮನೆ ಮುಟ್ಟಿದರೆ ಬಾಗಿಲಿಗೆ ಹೊರಗಿನಿಂದ ಚಿಲಕ.

"ಮಾಮ!" ಒಳಗೆ ಯಾರೂ ಇಲ್ಲ. ಹಾಸಿಗೆ ತಣ್ಣಗಿತ್ತು. ಮುಚ್ಚಿಟ್ಟ ಊಟ ಹಾಗೇ ಇತ್ತು. ಜೀವಿತಾ ಫೋನಿನಲ್ಲಿ ಕಾರ್ಡನ್ನು ಕೂಗಿಸುವ ಗಂಟೆಯ ಗುರುತು ಒತ್ತಿದಳು. ಕೀಚ್ ಕೀಚ್ ಎಂದು ಸದ್ದು ಬಂತು, ಮನೆಯೊಳಗಿಂದಲೇ. ಇಬ್ಬರೂ ಸದ್ದಿನ ಜಾಡು ಹಿಡಿದು ಹೋದರು. ದೀಪದ ಗೂಡಿನಲ್ಲಿ, ಬತ್ತಿ ಸುಟ್ಟು ಆರಿದ ದೀಪದ ಹಿಂದೆ, ಕಾರ್ಡು ಗೋಡೆಗೆ ಒರಗಿ ನಿಂತಿತ್ತು. ಹೆತ್ತೆಯ ಹಣೆಗೆ ಕುಂಕುಮ, ಮುಂದೆ ಒಂದು ಚೆಂಡುಹೂ. ಪರ್ಸು ಎಲ್ಲೂ ಇರಲಿಲ್ಲ, ಅವನ ಜೊತೆಗೇ ಹೋಗಿತ್ತು.

"ಅವ್ವೆ..." ಎಂದಳು ಜೀವಿತಾ.

ತಂಗಮಣಿ ಎದೆ ಬಡಿದುಕೊಂಡು ಬೀದಿಗೆ ಓಡಿದಳು. ಹಟ್ಟಿಯ ಗಂಡಸರೆಲ್ಲ ಟಾರ್ಚು ಹಿಡಿದು ಹೊರಟರು. ಚಹಾದಂಗಡಿಯ ಚಂದ್ರನ್ ಓಡಿ ಬಂದವನು ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತ. "ಅಯ್ಯಯ್ಯೋ, ನಾನೇ ಹೇಳಿದ್ದು! ನಿನ್ನೆ ಚಹಾಕ್ಕ ದುಡ್ಡು ಕೊಡೋಕ ಪರ್ಸು ಬಿಚ್ಚಿದಾಗ ಕಂಡೆ. ಏನ ಹಾಲಣ್ಣ, ಹೆತ್ತೆಯ ಕೊಂಡೋಗಿ ತೊಗಲೊಳಗ ಇಟ್ಟಿದಿಯಾ, ಎಂಗಳ ಜನ ಗುಡಿ ಬಾಗಿಲಿಲಿ ತೊಗಲಿನ ಬೆಲ್ಟೂ ಬಿಚ್ಚಿಡ್ತಾರ ಅಂದೆ. ಪಾಪ, ಮುಖ ಅಷ್ಟಾಯ್ತು. ಚಹಾ ಕುಡೀದೆ ಎದ್ದು ಹೋದ."

ಅವತ್ತು ಸಿಗಲಿಲ್ಲ. ಬೆಳಕು ಹರಿದ ಮೇಲೆ ಸಿಕ್ಕಿದ. ಹಳೆಯ ಎಮ್ಮೆದೊಡ್ಡಿ ಇದ್ದ ಕಡೆ, ನೀಲಗಿರಿ ಮರಗಳ ಕೆಳಗೆ, ಚಹಾ ತೋಟದ ಅಂಚಿನ ಆಳವಾದ ಕಾಲುವೆಯಲ್ಲಿ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು. ದುಪಟಿಯ ಮೇಲೆ ಹಿಮ ಗಟ್ಟಿಯಾಗಿತ್ತು. ಕಣ್ಣು ತೆರೆದಿದ್ದ, ತುಟಿ ಅಲುಗುತ್ತಿತ್ತು. ಆಸ್ಪತ್ರೆಯಲ್ಲಿ ಒಂದು ದಿನ ಉಸಿರಾಡಿ ಹೋದ. ಆಚೆ ತೋಟದಲ್ಲಿ ಎಲೆ ಕೀಳುತ್ತಿದ್ದ ಹೆಂಗಸರು ಆಮೇಲೆ ಹೇಳಿದರು, ಸೋಮವಾರ ಮಧ್ಯಾಹ್ನ ಯಾರೋ ಒಂದಾದ ಮೇಲೊಂದು ಹೆಸರು ಹಿಡಿದು, ಎಮ್ಮೆ ಕರೆಯುವ ಹಾಗೆ, ಕೂಗುವುದು ಕೇಳಿಸಿತ್ತಂತೆ. ಯಾವನೋ ಕುಡುಕ ಎಂದುಕೊಂಡು ಸುಮ್ಮನಾದರಂತೆ. ಹಾಗಾದರೆ ಮಧ್ಯಾಹ್ನ ಹುಡುಕಿದ್ದರೆ ಬದುಕುತ್ತಿದ್ದ. ಈ ಲೆಕ್ಕ ಹಾಕಲು ಹಟ್ಟಿಯಲ್ಲಿ ಯಾರಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಕರ್ಮ ಮುಗಿದ ದಿನ ಮಧ್ಯಾಹ್ನ, ಬಂದವರೆಲ್ಲ ಹೊರಟ ಮೇಲೆ, ಸುಧಾಕರನ್ ದೀಪದ ಗೂಡಿನಿಂದ ಕಾರ್ಡು ತಂದು ಅಣ್ಣನ ಮುಂದೆ ಹಾಕಿದ.

"ಇದು ಪರ್ಸಿಲಿ ಇದ್ದಿದ್ದರೆ ಅಪ್ಪ ಇವತ್ತು ಇರ್ತಿದ್ದ. ಹೆತ್ತೆಯ ಇದಕ್ಕ ಅಂಟಿಸಿದ ಪುಣ್ಯಾತ್ಮ ಆರು?"

ಮುರಳೀಧರನ್ ತಲೆ ಎತ್ತಿದ. ಅತ್ತು ಅತ್ತು ಅವನ ಕಣ್ಣು ಬಾತಿದ್ದವು. "ಆರು?" ಎಂದು ಅವನೂ ಕೇಳಿದ.

ಗೋಡೆಗೊರಗಿ ಕೂತಿದ್ದ ಜೀವಿತಾ ಬಾಯಿ ತೆರೆದಳು. ಪಕ್ಕದಲ್ಲಿದ್ದ ತಂಗಮಣಿ ಸೆರಗಿನ ಮರೆಯಲ್ಲಿ ಅವಳ ತೊಡೆ ಚಿವುಟಿದಳು.

"ನಾ" ಎಂದಳು ತಂಗಮಣಿ.

"ನೀ?" ಎಂದ ಮುರಳೀಧರನ್.

"ಎಸೀತಿದ್ದರಲ್ಲ. ಎಸೀಬಾರದು ಅಂತ ಅಂಟಿಸಿದೆ."

"ಈ ಹಟ್ಟಿಗ ಬಂದು ಇಷ್ಟು ವರ್ಷ ಆಯ್ತು, ತೊಗಲಿಲಿ ಹೆತ್ತೆಯ ಇಡಬಾರದು ಅಂತ ನಿನಗ ಗೊತ್ತಿಲ್ಲೆಯಾ? ಅಪ್ಪನಂಥವನು ಅದನ್ನ ಇಟ್ಕೊಂಡು ತಿರುಗ್ತಾನಾ?"

"ಗೊತ್ತಾಗಿಲ್ಲೆ."

"ಹೆಂಗ ಗೊತ್ತಾಗ್ತದ!" ಸುಧಾಕರನ್ ಕೂಗಿದ. "ಊಟಿಲಿ ಕೂತು ಫೋನಿಲಿ ಮನೆ ಕಾಯ್ತಿದ್ದರು ಅತ್ತಿಗೆ! ಮನುಷ್ಯ ಕಾಲುವೆಲಿ ಸಾಯ್ತಿದ್ದಾನ, ಇವರಿಗ ಮನೆ ಅಂತ ತೋರಿಸ್ತಿತ್ತಂತೆ!"

ಒಂದು ತಿಂಗಳು ಅಪ್ಪನನ್ನು ಇಟ್ಟುಕೊಳ್ಳಲಾರದವನ ಬಾಯಿ ಅದು. ಅವತ್ತು ಅದನ್ನು ಯಾರೂ ನೆನಪಿಸಲಿಲ್ಲ, ತಂಗಮಣಿಯೂ ನೆನಪಿಸಲಿಲ್ಲ. ಮುರಳೀಧರನ್ ಎದ್ದು ಕಾರ್ಡಿನ ಮೇಲಿನ ಚಿತ್ರವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಗೂಡಿನಲ್ಲಿಟ್ಟ. ಕಾರ್ಡನ್ನು ಎರಡಾಗಿ ಮುರಿದು ಒಲೆಯ ಬೂದಿಗೆ ಹಾಕಿದ. "ಆ ಚಾಕೊಲೇಟು ಅಂಗಡಿಯ ಹೆಸರು ಇನ್ನು ಈ ಮನೆಲಿ ಎತ್ತಬೇಡ" ಎಂದ. ಅವಳು ಸೊಂಟದ ಬೀಗದ ಕೈ ಬಿಚ್ಚಿ ಮರುದಿನವೇ ಮಲರ್‌ಕೊಡಿಯ ಕೈಗೆ ಕೊಡಲು ಮಗಳ ಹತ್ತಿರ ಕಳಿಸಿದಳು.

ಅಡುಗೆಮನೆಯಲ್ಲಿ ಜೀವಿತಾ ತಾಯಿಯ ಕೈ ಹಿಡಿದುಕೊಂಡು ಬಿಕ್ಕಿದಳು. "ಯಾಕ ಅವ್ವೆ ಸುಳ್ಳು ಹೇಳಿದೆ? ನಾ ಅಪ್ಪನ ಹತ್ರ ಹೇಳ್ತೆ. ಈಗಲೇ ಹೇಳ್ತೆ."

"ಎನ್ನಾಣೆ, ಬಾಯಿ ಬಿಡಬೇಡ. ಹೆತ್ತಪ್ಪನ ಕೊಂದವಳು ಅಂತ ಒಂದು ಸಲ ಹೆಸರು ಬಂದರೆ ನಾಲ್ಕು ಸೀಮೆಯ ಹಟ್ಟಿಗಳಿಗೂ ಹೋಗ್ತದ. ನಿನ್ನ ಆರು ಮನೆ ತುಂಬಿಸ್ಕೋತಾರ? ಎನಗ ಏನ, ಎನ್ನ ಬದುಕು ಅರ್ಧ ಮುಗೀತು."

"ಎನಗ ತಡಕೊಳ್ಳೋಕ ಆಗೋದಿಲ್ಲೆ."

"ಆಗ್ತದ" ಎಂದಳು ತಂಗಮಣಿ. "ಮುಖ ತೊಳಕೋ. ಅಪ್ಪನಿಗ ಕಾಪಿ ಕೊಂಡೋಗಿ ಕೊಡು."

ಫೆಬ್ರವರಿ ಕಳೆಯಿತು. ತಂಗಮಣಿ ಈಗ ಬೆಳಿಗ್ಗೆ ಸ್ವಂತ ತೋಟದಲ್ಲಿ ಎಲೆ ಕೀಳುತ್ತಾಳೆ, ಮಧ್ಯಾಹ್ನ ಚೀಲ ಹೊತ್ತು ರಸ್ತೆಬದಿಗೆ ತಂದು ಫ್ಯಾಕ್ಟರಿಯ ಲಾರಿಗೆ ಹಾಕುತ್ತಾಳೆ. ಮನೆಯಲ್ಲಿ ಕಾಯಲು ಯಾರೂ ಇಲ್ಲ. ಆದರೂ ಅವಳು ಮನೆಯಲ್ಲೇ ಇರಬೇಕು, ಈ ನ್ಯಾಯ ಯಾರಿಗಾದರೂ ಅರ್ಥವಾದರೆ ಹೇಳಿ. ಬೆರಳ ತುದಿಯೆಲ್ಲ ಎಲೆಯ ಕರೆ ಹಿಡಿದು ಕಪ್ಪಾಗಿದೆ. ಗಂಡ ಅವಳ ಜೊತೆ ನೇರ ಮಾತಾಡುವುದನ್ನು ಬಿಟ್ಟಿದ್ದಾನೆ. ಹೇಳುವುದನ್ನೆಲ್ಲ ಮಗಳ ಮೂಲಕ ಹೇಳುತ್ತಾನೆ.

"ನಿನ್ನವ್ವೆಗ ಹೇಳು, ಉದಕಕ್ಕ ಉಪ್ಪು ಕಮ್ಮಿ."

ಜೀವಿತಾ ಮೊದಮೊದಲು ಇಂಥ ಮಾತಿಗೆ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದಳು. ಈಗೀಗ ಏಳುವುದಿಲ್ಲ. "ಅವ್ವೆ, ಉಪ್ಪು" ಎನ್ನುತ್ತಾಳೆ.

ಮಾರ್ಚಿನ ಒಂದು ಸಂಜೆ ಸುಧಾಕರನ್ ಫೋನು ಮಾಡಿದ. ಜೀವಿತಾಗೆ ಒಂದು ಸಂಬಂಧ ಬಂದಿದೆ, ಒಳ್ಳೆಯ ಮನೆತನ, ಕೋತಗಿರಿಯ ಕಡೆಯವರು, ಮನೆಯಲ್ಲಿ ಹುಡುಗನ ಅಜ್ಜ ಅಜ್ಜಿ ಇಬ್ಬರೂ ಇದ್ದಾರೆ, ಓದು ಮುಗಿದ ಮೇಲೆ ಮಾತಾಡೋಣ ಎಂದ. ಮುರಳೀಧರನ್ ಫೋನು ಇಟ್ಟು ಊಟಕ್ಕೆ ಕೂತ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಒಂದಿಷ್ಟು ಗೆಲುವಿತ್ತು. ಮಗಳ ತಲೆಯ ಮೇಲೆ ಕೈಯಿಟ್ಟ.

"ಹೆತ್ತಪ್ಪನ ಚೆನ್ನಾಗಿ ನೋಡಿಕೊಂಡವಳು ಈ ಮನೆಲಿ ನೀ ಒಬ್ಬಳೇ. ಪರ್ಸು ಹುಡುಕಿ ಕೊಡೋದೂ ನೀ, ಆ ಕಾರ್ಡು ಬೇಕು ಅಂತ ಯೋಚಿಸಿದ್ದೂ ನೀ. ಹೋದ ಮನೆಲೂ ಮುದುಕರನ್ನ ಹಂಗೇ ನೋಡ್ಕೋ ಮಗ. ನಿನ್ನವ್ವೆಯ ಹಂಗ ಆಗಬೇಡ."

ಒಲೆಯ ಮುಂದಿದ್ದ ತಂಗಮಣಿಯ ಕೈಯಲ್ಲಿ ಸೌಟು ನಿಂತಿತು. ಕಣ್ಸನ್ನೆ ಮಾಡಲಿಲ್ಲ, ತಲೆಯಾಡಿಸಲಿಲ್ಲ, ಆಣೆ ನೆನಪಿಸಲಿಲ್ಲ. ಬೆನ್ನು ಹಾಕಿ ಕೂತವಳು ಮಗಳ ಮಾತಿಗೆ ಕಾದಳು. ಜೀವಿತಾ ಬಾಯಲ್ಲಿದ್ದ ತುತ್ತು ನುಂಗಿದಳು.

"ಇಲ್ಲೆ ಅಪ್ಪ," ಎಂದಳು, "ಅವ್ವೆಯ ಹಂಗ ಆಗೋದಿಲ್ಲೆ."

ತಂಗಮಣಿ ಎದ್ದು ಬಂದು ಅವಳ ತಟ್ಟೆಗೆ ಇನ್ನೊಂದು ಸೌಟು ಉದಕ ಬಡಿಸಿದಳು.